ಕೈ ಮೊಣಕಾಲ ಮೇಲೆ

ಬೆಳಗ್ಗೆ ಎದ್ದಾಗಿನಿಂದ ಪರಶುರಾಮನಿಗೆ ಯಾರನ್ನಾದರೂ ಹೊಡೆಯಬೇಕು ಅನ್ನಿಸುತ್ತಿತ್ತು. ಇಂಥವರನ್ನೇ ಎಂದೇನೂ ಇರಲಿಲ್ಲ. ಗೇಟಿಗೆ ಅಡ್ಡ ಮಲಗಿದ್ದ ನಾಯಿಯನ್ನು ಒದೆಯಲು ಎತ್ತಿದ ಕಾಲನ್ನು ಮೆಲ್ಲಗೆ ಇಳಿಸಿಕೊಂಡ. ಮುಂಡಗೋಡ ಬಸ್‌ಸ್ಟ್ಯಾಂಡಿನ ಎದುರು ದಾರಿ ಕಟ್ಟಿ ಗಾಡಿ ನಿಲ್ಲಿಸಿದ್ದ ಬಾಳೆಹಣ್ಣಿನವನನ್ನು ನೋಡಿ ಮುಷ್ಟಿ ಬಿಗಿಯಾಯಿತು. ಅವನು ನಕ್ಕು ತಲೆ ಬಾಗಿಸಿದ್ದಕ್ಕೆ ಅದೇ ಕೈ ನಮಸ್ಕಾರಕ್ಕೆ ಎದ್ದಿತು. ಊರಲ್ಲಿ ಅವನು ಸಮಾಧಾನದ ವಕೀಲ. ಅಣ್ಣತಮ್ಮಂದಿರು ಕೋರ್ಟಿನ ಅಂಗಳದಲ್ಲೇ ಒಬ್ಬರ ಕೊರಳಪಟ್ಟಿ ಒಬ್ಬರು ಹಿಡಿದಾಗಲೂ ಇವನು ಮಧ್ಯೆ ನಿಂತು ಮೆತ್ತಗೆ ಮಾತಾಡಿದವನು. ಅಂಥ ಮನುಷ್ಯ ಝರಾಕ್ಸ್ ಅಂಗಡಿಯ ಪಕ್ಕದ ಮೆಟ್ಟಿಲು ಹತ್ತುವಾಗ ಕಬ್ಬಿಣದ ಕಟಾಂಜನವನ್ನು ಎಷ್ಟು ಬಿಗಿಯಾಗಿ ಹಿಡಿದನೆಂದರೆ ಅಂಗೈಗೆ ತುಕ್ಕು ಮೆತ್ತಿಕೊಂಡಿತು. ಮೇಲೆ ಬಾಗಿಲಿಗೆ ಬೋರ್ಡು: ಪರಶುರಾಮ ನಾಗಲಿಂಗಪ್ಪ ಹೊಸೂರ, ವಕೀಲರು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ, ಆಸ್ತಿ, ಪಾಲು ವಾಟ್ನಿ, ವ್ಯಾಪಾರದ ಕರಾರು, ಕಾನೂನು ಸಲಹೆ. ಸಲಹೆ ಅನ್ನುವ ಶಬ್ದದ ಮೇಲೇ ತುಕ್ಕಿನ ಅಂಗೈ ಇಟ್ಟು ಬಾಗಿಲು ತಳ್ಳಿದ.

ಸಿಟ್ಟಿನ ಕಾರಣ ಗೊತ್ತಿತ್ತು. ಹಲ್ಲುಜ್ಜುತ್ತಿದ್ದಾಗ ಅಂಬರೀನಳ ಫೋನು ಬಂದಿತ್ತು. ಅವನ ಕೈಕೆಳಗೆ ಕೆಲಸ ಕಲಿಯುತ್ತಿರುವ ವಕೀಲೆ ಅವಳು; ಮಾತು ಕಡಿಮೆ, ನೋಟ ಜಾಸ್ತಿ.

"ಸರ್, ಮಳಗಿ ತಾಂಡಾದ ಗೇಮಪ್ಪನ ತಾಯಿ, ರೂಪಿಬಾಯಿ, ಅವ್ರನ್ನ ದವಾಖಾನಿಗೆ ತಂದಾರ. ಕೈ ಮುರದೈತಿ, ತಲಿಗೆ ಹೊಲಿಗಿ ಬಿದ್ದಾವ, ಒಂದ ಕಣ್ಣ ತಗಿಯಾಕ ಬರವಲ್ದು. ಪೊಲೀಸ್ರ ಮುಂದ ಬಿದ್ದೆ ಅಂತ ಹೇಳ್ಯಾರ. ಬಿದ್ದವ್ರ ಗತೆ ಕಾಣ್ಸೂದಿಲ್ಲ."

"ಗೇಮಪ್ಪ ಎಲ್ಲಿ ಅದಾನ?"

"ನಿನ್ನೆ ಸಂಜೀಂದ ಮನ್ಯಾಗ ಇಲ್ಲಂತ. ಕೊಡಲಿ ಕಾವೂ ಇಲ್ಲಂತ. ನೀವು ಬರ್ತೀರಿ?"

"ಮುಕ್ತಾರ ಬರ್ತಾನ, ಕರಾರ ಪತ್ರದ್ದು ಐತಿ. ನೀ ನೋಡ್ಕೋ," ಎಂದು ಬಾಯಿ ಮುಕ್ಕಳಿಸಿದ್ದ. ಆಯ್ತು ಸರ್ ಅನ್ನುವ ಮೊದಲು ಅವಳು ಗೇಮಪ್ಪನ ಹೆಸರನ್ನು ಇನ್ನೊಮ್ಮೆ ಹೇಳಿದಳು. ಇನ್ನೊಮ್ಮೆ ಹೇಳಿದ್ದು ಯಾಕೆಂದು ಅವನಿಗೆ ತಿಳಿಯಿತು. ತಾನು ಗೇಮಪ್ಪನಿಗೆ ಆ ಪ್ರಶ್ನೆ ಕೇಳಿದ ದಿನ ಅವಳೂ ಕೋಣೆಯಲ್ಲಿದ್ದಳು.

ಮುಕ್ತಾರ ಆಗಲೇ ಬಂದು ಕೂತಿದ್ದ. ಯಲ್ಲಾಪುರ ರಸ್ತೆಯಲ್ಲಿ ಟ್ರ್ಯಾಕ್ಟರ್ ರಿಪೇರಿಯ ಗ್ಯಾರೇಜು ಇಟ್ಟವನು. ತಂಗಿಯ ಗಂಡ ತಾರಿಕನನ್ನು ಪಾಲಿಗೆ ಸೇರಿಸಿಕೊಂಡು ಅದನ್ನು ದೊಡ್ಡದು ಮಾಡುವ ಹುಮ್ಮಸ್ಸಿನಲ್ಲಿದ್ದ. ಉಗುರಿನ ಸಂದಿಯ ಎಣ್ಣೆ ಕಾಣದಿರಲೆಂದು ಕೈಗಳನ್ನು ಮೇಜಿನ ಕೆಳಗೆ ಇಟ್ಟುಕೊಂಡಿದ್ದ. ಪರಶುರಾಮ ಎಲ್ಲರಿಗೂ ಹೇಳುವುದನ್ನೇ ಹೇಳಿದ, ಜಗಳ ಆದ್ರ ಏನು ಅನ್ನೂದನ್ನ ಮೊದಲ ಬರಿಯೂಣು. ಮುಕ್ತಾರ ನಕ್ಕ. "ನಮ್ಮೊಳಗ ಜಗಳ ಎಲ್ಲಿಂದ ಬರ್ತೈತ್ರಿ ವಕೀಲ್ರ, ಅಂವ ನಮ್ಮ ಜಾಹೀದಾನ ಗಂಡ." ಪರಶುರಾಮನ ನಾಲಿಗೆ ತನ್ನಷ್ಟಕ್ಕೆ ಓಡಿತು: ನಾಳೆ ನೀ ಹಾಸಿಗೀ ಹಿಡದಾಗ ಅಂವ ಗಿರಾಕಿಗೋಳ್ನ ತನ್ನ ಕಡೆ ಮಾಡ್ಕೊಂಡ್ರ? ನಿನ್ನ ಹೆಸರಿನ್ಯಾಗ ಬ್ಯಾಂಕಿಗೆ ಸಹಿ ಮಾಡಿದ್ರ? ನೀ ಕೇಳಾಕ ಹೋದ್ರ ನಿನ್ನ ತಂಗೀನ್ನ ಮುಂದ ಮಾಡಿ ಅಳಿಸಿದ್ರ? ಮುಕ್ತಾರನ ನಗು ಹೋಯಿತು. ಅವನ ಕಣ್ಣು ಕಿಟಕಿಯ ಕಡೆ, ಕೆಳಗೆ ರಸ್ತೆಯಲ್ಲಿ ಬೈಕಿನ ಮೇಲೆ ಕಾಲು ಚಾಚಿ ಕೂತಿದ್ದ ತಾರಿಕನ ಕಡೆ ಹೋಯಿತು. ಈ ನೋಟವನ್ನು ಪರಶುರಾಮ ನೂರಾರು ಮುಖಗಳಲ್ಲಿ ಕಂಡಿದ್ದ, ಕಣ್ಣು ತೆರೆಯಿತು ನೋಡು ಎಂದು ಒಳಗೊಳಗೇ ಹೆಮ್ಮೆಪಟ್ಟಿದ್ದ. ಇವತ್ತು ಅದು ಬೇರೆ ಕಂಡಿತು. ಮೆಟ್ಟಿಲು ಹತ್ತಿ ಬರುವಾಗ ಈ ಮನುಷ್ಯನ ತಲೆಯಲ್ಲಿ ಇದು ಇರಲೇ ಇಲ್ಲ. ಇಳಿದು ಹೋಗುವಾಗ ಇರುತ್ತದೆ. "ಇವತ್ತ ಬ್ಯಾಡ, ಇನ್ನೊಂದ ದಿನಾ ಬಾ," ಎಂದ. ಮುಕ್ತಾರ ಎದ್ದವನು ಬಾಗಿಲಲ್ಲಿ ನಿಂತು, "ಅಂವ ಅಂಥಾಂವ ಅಂತ ನಿಮಗ ಯಾರರೆ ಹೇಳ್ಯಾರೇನ್ರಿ?" ಅಂತ ಕೇಳಿದ. ಇಲ್ಲ, ಯಾರೂ ಹೇಳಿಲ್ಲ, ಎಂದು ಪರಶುರಾಮ ಎರಡು ಸಲ ಹೇಳಿದ. ಎರಡನೇ ಸಲ ಹೇಳಬಾರದಿತ್ತು.

ಗೇಮಪ್ಪನೂ ಇದೇ ಕುರ್ಚಿಯಲ್ಲಿ ಕೂರುತ್ತಿದ್ದ. ಮಳಗಿ ಕಡೆ ಗೋವಿನಜೋಳ ಬೆಳೆಯುವ ಹೊಲ, ಅಜ್ಜನ ಹೆಸರಿನದು. ದೊಡ್ಡಪ್ಪನ ಮಗ ಮಾಲತೇಶ ಪೂರ್ತಿ ತನ್ನದೇ ಎಂದು ಉಳುತ್ತಿದ್ದ, ಗೇಮಪ್ಪ ತೀರಿಹೋದ ತಂದೆಯ ಪಾಲು ಕೇಳಿ ದಾವೆ ಹಾಕಿದ್ದ. ಕಾಗದ ಎಲ್ಲ ಗೇಮಪ್ಪನ ಕಡೆಗೇ ಇದ್ದವು. ತೊಂದರೆ ಅವನ ಸಿಟ್ಟಿನದು. ಒಮ್ಮೆ ಬದುವಿನ ಮೇಲೆ ಮಾಲತೇಶನ ಎತ್ತಿನ ಕಾಲು ಮುರಿಯುವ ಹಾಗೆ ಹೊಡೆದಿದ್ದ. ಸಾಕ್ಷಿ ಕಟ್ಟೆಯಲ್ಲಿ ಎದುರು ವಕೀಲ ಚುಚ್ಚಿದರೆ ಈ ಮನುಷ್ಯ ಕಟ್ಟೆ ಹಾರುತ್ತಾನೆ, ಹೊಲ ಅಲ್ಲಿಗೇ ಮುಗಿಯಿತು. ಅದಕ್ಕೆ ಪರಶುರಾಮ ತನ್ನದೇ ಪದ್ಧತಿ ಇಟ್ಟುಕೊಂಡಿದ್ದ. ಪಾಟೀಸವಾಲಿಗೆ ಮೊದಲು ಕಕ್ಷಿದಾರನನ್ನು ಕೂರಿಸಿ, ತಾನೇ ಎದುರಿನ ವಕೀಲನಾಗಿ, ಕೋರ್ಟಿನಲ್ಲಿ ಬರಬಹುದಾದ್ದಕ್ಕಿಂತ ಹೊಲಸಾದ ಪ್ರಶ್ನೆ ಕೇಳುವುದು. ಅಂಬರೀನ ಜಡ್ಜ್ ಆಗಿ ಕೂರುತ್ತಿದ್ದಳು. ಕುಡದ ಬಂದೀಯೇನು? ಎತ್ತಿನ ಕಾಲ ಮುರದ ಕೈ ಇದೇನು? ಮೊದಮೊದಲು ಗೇಮಪ್ಪ ಎದ್ದು ನಿಲ್ಲುತ್ತಿದ್ದ, ಕೊರಳ ನರ ಉಬ್ಬುತ್ತಿದ್ದವು. "ಕುಂಡ್ರು. ಎರಡೂ ಕೈ ಮೊಣಕಾಲ ಮ್ಯಾಲ ಇಡು. ಉಸರ ಬಿಡು. ಏನ ಕೇಳಿದ್ರೂ ಒಂದ ಮಾತು, ಸುಳ್ಳು ಸಾಹೇಬ್ರ, ಅಷ್ಟ." ಕೈ ಮೊಣಕಾಲ ಮೇಲೆ ಇಟ್ಟರೆ ಸಿಟ್ಟು ಏಳುವುದಿಲ್ಲ ಎಂದು ಪರಶುರಾಮನಿಗೆ ಯಾವ ಪುಸ್ತಕವೂ ಕಲಿಸಿರಲಿಲ್ಲ.

ದಾಂಡೇಲಿಯ ಕಾಗದದ ಮಿಲ್ಲಿನ ಕ್ವಾರ್ಟರ್ಸಿನಲ್ಲಿ ಕಲಿತದ್ದು ಅದು. ಪಾಳಿ ಮುಗಿಸಿ ಬಂದ ಅಪ್ಪ ನಾಗಲಿಂಗಪ್ಪ ಉಣ್ಣಲು ಕೂರುತ್ತಿದ್ದ, ಮೈಯಿಂದ ತೊಯ್ದ ಬಿದಿರಿನ ವಾಸನೆ. ಅವ್ವ ತಾಯವ್ವ ರೊಟ್ಟಿ ಬಡಿಯುತ್ತಿದ್ದಳು. ಮಗ ಗೋಡೆಗೆ ಒರಗಿ ಎರಡೂ ಕೈ ಮೊಣಕಾಲ ಮೇಲೆ ಇಟ್ಟುಕೊಂಡು ಕೂತಿರುತ್ತಿದ್ದ, ಯಾಕೆಂದರೆ ಕೈ ಅಲ್ಲಾಡಿದರೆ ಅಪ್ಪನ ಕಣ್ಣು ಇತ್ತ ತಿರುಗುತ್ತಿತ್ತು. ತಿರುಗಿದರೆ ಆ ಮಾತು ಬರುತ್ತಿತ್ತು. "ಇಂವ ಯಾರಿಗೆ ಹುಟ್ಟ್ಯಾನ ಹೇಳು. ನಾ ರಾತ್ರಿ ಪಾಳಿಗೆ ಹೋದಾಗ ಹುಟ್ಟ್ಯಾನ ಹೌದಿಲ್ಲೋ?" ಬೆಲ್ಟು ಬಿಚ್ಚುವ ಶಬ್ದ, ರೊಟ್ಟಿಯ ಹಂಚು ಉರುಳುವ ಶಬ್ದ. ಅವ್ವ ಏನೂ ಅನ್ನುತ್ತಿರಲಿಲ್ಲ. ಹೊಡೆತ ಮುಗಿದ ಮೇಲೆ ಅಪ್ಪ ಬೆಲ್ಟನ್ನು ಮುಷ್ಟಿಯಲ್ಲೇ ಹಿಡಿದು ಕೂತುಬಿಡುತ್ತಿದ್ದ, ಬಿಡಲು ಬರುತ್ತಿರಲಿಲ್ಲ; ತುಟಿ ಒಡೆದ ಅವ್ವನೇ ಬಂದು ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದಳು. ಮಗನಿಗೆ ಅಪ್ಪನ ಮೇಲೆ ಬಂದದ್ದಕ್ಕಿಂತ ದೊಡ್ಡ ಸಿಟ್ಟು ಆಗ ಅವ್ವನ ಮೇಲೆ ಬರುತ್ತಿತ್ತು. ಇಲ್ಲ ಅನ್ನಬಾರದೇ ಒಂದು ಸಲ. ಹೌದು ಅಂದರೂ ಸರಿಯೇ, ಏನಾದರೂ ಅನ್ನಬಾರದೇ.

ಕೊನೆಯ ತಾಲೀಮಿನ ದಿನ ಗೇಮಪ್ಪ ಪೂರ್ತಿ ಕಲಿತುಬಿಟ್ಟಿದ್ದ. ಪರಶುರಾಮ ಕೇಳಿದ್ದಕ್ಕೆಲ್ಲ ಸುಳ್ಳು ಸಾಹೇಬ್ರ, ಸುಳ್ಳು ಸಾಹೇಬ್ರ. ಕೈ ಮೊಣಕಾಲ ಮೇಲೆ, ಮುಖದಲ್ಲಿ ಒಂದು ಗೆರೆ ಅಲ್ಲಾಡಲಿಲ್ಲ. ಸಂತೋಷಪಡಬೇಕಿದ್ದ ಜಾಗದಲ್ಲಿ ಪರಶುರಾಮನಿಗೆ ರೇಗಿತು. ಈ ಗೋಡೆಯಂಥ ಮುಖ ಒಡೆಯಬೇಕು ಅನ್ನಿಸಿತು. ಮುಂದೆ ಬಾಗಿ, ತನ್ನದಲ್ಲದ ದನಿಯಲ್ಲಿ, ಕೇಳಿದ: "ನಿಮ್ಮಪ್ಪ ಗೋವಾಕ್ಕ ದುಡಿಯಾಕ ಹೋದಾಗ ನೀ ಹುಟ್ಟೀದಿ ಹೌದಿಲ್ಲೋ? ನಿಮ್ಮವ್ವ ಯಾರಿಗೆ ಹಡದಾಳ ಹೇಳು." ಅಂಬರೀನ ಪೆನ್ನು ಕೆಳಗಿಟ್ಟಳು. ಗೇಮಪ್ಪನ ಕೈ ಮೊಣಕಾಲ ಮೇಲೇ ಇದ್ದವು, ಬೆರಳಿನ ಗಂಟು ಮಾತ್ರ ಬೆಳ್ಳಗಾದವು. "ಸುಳ್ಳು ಸಾಹೇಬ್ರ," ಎಂದ. ಪರಶುರಾಮ ಶಾಭಾಸ್ ಎಂದು ಮೇಜು ಬಡಿದ. ಮೈಯೆಲ್ಲ ಹಗುರವಾಗಿತ್ತು, ಬಹಳ ದಿನಗಳ ಮೇಲೆ ಚೆನ್ನಾಗಿ ಉಂಡ ಹಾಗೆ. ಆ ಸುಖದ ನೆನಪೇ ಈಗ ಅವನನ್ನು ಕುರ್ಚಿಯಲ್ಲಿ ಕೂರಗೊಡದೆ ಕಿಟಕಿಗೂ ಬಾಗಿಲಿಗೂ ಓಡಾಡಿಸುತ್ತಿತ್ತು.

ನಿನ್ನೆ ಕೋರ್ಟಿನಲ್ಲಿ ಅಂಥದ್ದೇನೂ ನಡೆಯಲಿಲ್ಲ. ಎದುರಿನ ಮುದಿ ವಕೀಲರು ಹೊಲದ ಪಹಣಿ ಉತಾರದಲ್ಲಿ ಯಾರ ಹೆಸರಿದೆ, ಬಿತ್ತಿದವರು ಯಾರು ಎಂದು ನಾಲ್ಕು ಮಾತು ಕೇಳಿ ಕೆಮ್ಮುತ್ತ ಕೂತುಬಿಟ್ಟರು. ಗೆದ್ದ ಹಾಗೆಯೇ. ಹೊರಗೆ ಚಹಾ ಕುಡಿಯುವಾಗ ಗೇಮಪ್ಪ ಪಕ್ಕಕ್ಕೆ ಬಂದು ನಿಂತ. "ಸಾಹೇಬ್ರ, ಆ ಪ್ರಶ್ನೆ ಅವ್ರ ಯಾಕ ಕೇಳಲಿಲ್ರಿ?" ಪರಶುರಾಮನಿಗೆ ಇನ್ನೊಂದು ಕೇಸಿನ ಗಡಿಬಿಡಿ. "ಕೇಳಲಿಲ್ಲಲ್ಲ, ಪುಣ್ಯಾ ಅನ್ನು," ಎಂದು ನಕ್ಕು ಒಳಗೆ ಹೋದ. ಪುಣ್ಯಾ. ಆ ಒಂದು ಮಾತು ಹೊತ್ತುಕೊಂಡು ಆ ಮನುಷ್ಯ ಮಳಗಿಯ ಬಸ್ಸು ಹತ್ತಿದ್ದಾನೆ. ಕೈಯನ್ನು ಮೊಣಕಾಲ ಮೇಲೆ ಇಟ್ಟುಕೊಂಡು, ಕೇಳಿದವರಿಗೆಲ್ಲ ಹೂಂ ಅನ್ನುತ್ತ, ತಾಂಡಾದ ದಾರಿ ಇಳಿದು, ಮನೆ ಹೊಕ್ಕು, ಅಲ್ಲಿ ಕೈ ಎತ್ತಿದ್ದಾನೆ.

ಬಿಸಿಲೇರಿದ ಮೇಲೆ ಅಂಬರೀನ ಬಂದಳು. ಅವಳ ದುಪಟ್ಟಾದ ಅಂಚಿಗೆ ರಕ್ತ ಒಣಗಿತ್ತು. ಮುದುಕಿಯನ್ನು ಸ್ಟ್ರೆಚರಿಗೆ ಎತ್ತುವಾಗ ತಾಗಿದ್ದಂತೆ.

"ಹುಬ್ಬಳ್ಳಿಗೆ ಕಳಿಸಿದ್ರು. ಜೀವಕ್ಕ ಸದ್ಯ ಭಯಾ ಇಲ್ಲಂತ, ಕಣ್ಣಿಂದು ಹೇಳಾಕ ಬರೂದಿಲ್ಲಂತ. ನನ್ನ ಕೈ ಹಿಡ್ಕೊಂಡು ಒಂದ ಕೇಳಿದ್ರು ಸರ್. ಮಗಾ ಏನರೆ ತಿಂದಾನೇನು ಅಂತ."

ಪರಶುರಾಮ ಮುಖ ತಿರುಗಿಸಿದ. ಆ ಮುದುಕಿಯ ಮೇಲೆ ಅವನಿಗೆ ಸಿಟ್ಟು ಬಂತು, ಹಳೆಯದೇ ಸಿಟ್ಟು.

"ಸರ್, ಆ ಪ್ರಶ್ನೆ ಕೋರ್ಟಿನ್ಯಾಗ ಬರಾಕ ಸಾಧ್ಯ ಇರ್ಲಿಲ್ಲಲ್ರಿ."

ಅವನು ಉತ್ತರಿಸುವ ಮೊದಲೇ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು. ಗೇಮಪ್ಪ ಬಾಗಿಲಲ್ಲಿ ನಿಂತಿದ್ದ. ರಾತ್ರಿಯೆಲ್ಲ ಹೊಲದಲ್ಲೇ ಇದ್ದಿರಬೇಕು, ಅಂಗಿಗೆ ಗೋವಿನಜೋಳದ ಒಣಗರಿಯ ರವದಿ ಅಂಟಿತ್ತು. ಒಳಗೆ ಬಂದು, ಟವೆಲಿನಲ್ಲಿ ಸುತ್ತಿದ್ದನ್ನು ಮೇಜಿನ ಮೇಲೆ ಇಟ್ಟು, ಕುರ್ಚಿ ಎಳೆದುಕೊಂಡು ಕೂತ. ಟವೆಲು ಅರ್ಧ ಬಿಚ್ಚಿಕೊಂಡಿತು. ಕೊಡಲಿ ಇರಲಿಲ್ಲ, ಬರೀ ಕಾವು. ಹಿಡಿಕೆ ನುಣ್ಣಗೆ ಸವೆದದ್ದು, ತುದಿಯಲ್ಲಿ ನಾಲ್ಕಾರು ಬಿಳಿ ಕೂದಲು.

"ಹೆಸರ ಹೇಳ್ರಿ ಸಾಹೇಬ್ರ."

"ಯಾವ ಹೆಸರು?"

"ಯಾಡಿ ಹೇಳವಲ್ಲಳು." ತಾಂಡಾದಲ್ಲಿ ತಾಯಿಗೆ ಯಾಡಿ ಅನ್ನುತ್ತಾರೆ. "ಎಷ್ಟ ಹೊಡದ್ರೂ ಹೇಳಲಿಲ್ಲ. ನಿಮಗ ಗೊತ್ತೈತಿ. ಆ ಮನ್ಷಾ ಜೀವಂತ ಅದಾನೋ ಇಲ್ಲೋ ಅಷ್ಟ ಹೇಳ್ರಿ, ಉಳಿದದ್ದು ನಾ ನೋಡ್ಕೊಂತೇನಿ."

"ಅಂಥಾ ಮನ್ಷಾನ ಇಲ್ಲೋ ಗೇಮಪ್ಪ. ಅದು ನಾ ಕಟ್ಟಿದ ಮಾತು."

"ಕಟ್ಟಿದ್ದಾದ್ರ ಗೋವಾ ಹೆಂಗ ಗೊತ್ತಾತ್ರಿ?"

"ನಿಮ್ಮ ತಾಂಡಾದಾಗ ಗೋವಾಕ್ಕ ಹೋಗದಾಂವ ಯಾರದಾನ?"

"ಕಟ್ಟಿದ್ದಾದ್ರ ನಿನ್ನೆ ಪುಣ್ಯಾ ಅಂತ ಯಾಕಂದ್ರಿ?"

ಪರಶುರಾಮ ತಡವರಿಸಿದ. ಗೇಮಪ್ಪ ಒಂದು ಸಲಕ್ಕೆ ಒಂದೇ ಪ್ರಶ್ನೆ ಕೇಳುತ್ತಿದ್ದ, ಸಣ್ಣದು, ಉತ್ತರ ಬರುವ ತನಕ ಕಣ್ಣು ಕದಲಿಸದೆ. ಇದೇ ಕೋಣೆಯಲ್ಲಿ ಇವನೇ ಮಾಡಿ ತೋರಿಸಿದ ರೀತಿ. ತಡವರಿಸುವ ಸಾಕ್ಷಿ ಏನೋ ಮುಚ್ಚಿಡುತ್ತಿರುತ್ತಾನೆ ಎಂದು ಹೇಳಿಕೊಟ್ಟವನೂ ಇವನೇ. ಒಂದು ಸುಲಭದ ದಾರಿ ಹೊಳೆಯಿತು. ಸತ್ತ ಯಾವನಾದರೊಬ್ಬನ ಹೆಸರು ಹೇಳಿಬಿಡುವುದು. ಸತ್ತವನನ್ನು ಇವನು ಏನು ಮಾಡುತ್ತಾನೆ, ಹೊಡೆದದ್ದಕ್ಕೊಂದು ಕಾರಣ ಸಿಕ್ಕಂತಾಗುತ್ತದೆ, ಮನೆಗೆ ಹೋಗುತ್ತಾನೆ. ಹೆಸರು ತುಟಿಯ ತನಕ ಬಂತು. ಅಂಬರೀನಳ ದುಪಟ್ಟಾದ ಅಂಚು ಕಣ್ಣಿಗೆ ಬಿತ್ತು, ಹೆಸರನ್ನು ನುಂಗಿಕೊಂಡ. ಹೇಳಿದರೆ, ಕಣ್ಣು ಉಳಿಯುತ್ತದೋ ಇಲ್ಲವೋ ಗೊತ್ತಿಲ್ಲದ ಆ ಮುದುಕಿ ಸಾಯುವ ತನಕ ತಪ್ಪಿತಸ್ಥೆ.

"ಎಲ್ಲಿಂದ ಬಂತ್ರಿ ಹಂಗಾದ್ರ ಆ ಮಾತು?" ಗೇಮಪ್ಪ ಕೇಳಿದ.

"ನಮ್ಮಪ್ಪ ಕೇಳ್ತಿದ್ದಾ."

"ಯಾರಿಗೆ?"

"ನಮ್ಮವ್ವಗ. ನನ್ನ ತೋರ್ಸಿ. ಇಂವ ಯಾರಿಗೆ ಹುಟ್ಟ್ಯಾನ ಅಂತ, ಬೆಲ್ಟಿಲೆ ಹೊಡಕೋತ ಕೇಳ್ತಿದ್ದಾ." ಹೆಂಡತಿಗೂ ಹೇಳದೆ ಇಟ್ಟುಕೊಂಡಿದ್ದು ಹೊರಗೆ ಬಂದಾಗ ಇಷ್ಟು ಸಣ್ಣದಾಗಿರುತ್ತದೆ ಎಂದು ಅವನು ಅಂದುಕೊಂಡಿರಲಿಲ್ಲ. "ಅದ ಮಾತು ನಿನಗ ಕೇಳೀನಿ."

"ನಿಮ್ಮವ್ವ ಏನಂತಿದ್ಲ್ರಿ?"

"ಏನೂ ಅಂತಿರ್ಲಿಲ್ಲ."

ಗೇಮಪ್ಪ ಬಹಳ ಹೊತ್ತು ಅವನ ಮುಖ ನೋಡಿದ. ನಂಬಿದ್ದು ಹೇಗೆ ಗೊತ್ತಾಯಿತೆಂದರೆ ಟವೆಲಿನ ಅಂಚು ಎಳೆದು ಆ ಬಿಳಿ ಕೂದಲುಗಳನ್ನು ಮುಚ್ಚಿದ. "ಹಂಗಾದ್ರ ನಾ ಸುಮ್ಮನ ಹೊಡದ್ನಿ," ಎಂದ. ಯಾರಿಗೂ ಹೇಳಿದ್ದಲ್ಲ ಅದು. ಆಮೇಲೆ ಅಂಬರೀನಳ ಕಡೆ ತಿರುಗಿ ಕೇಳಿದ, "ಅಕ್ಕಾರ, ಎದುರಿನವ್ರು ಕೇಳಿದ್ರ ಏನಾಗ್ತಿತ್ರಿ? ನನ್ನ ಪಾಲು ಹೋಗ್ತಿತ್ತೇನ್ರಿ?"

ಅಂಬರೀನ ಪರಶುರಾಮನ ಅಪ್ಪಣೆಗೆ ಕಾಯಲಿಲ್ಲ. "ಇಲ್ಲ. ಮದುವೀ ಆದ ಹೆಣ್ಣಮಗಳಿಗೆ ಹುಟ್ಟಿದ ಕೂಸು ಆ ಗಂಡಂದ ಅಂತ ಕಾನೂನ ಹಿಡೀತೈತಿ. ಗಂಡ ಹಬ್ಬಕ್ಕರೆ ಊರಿಗೆ ಬಂದು ಹೋಗ್ತಿದ್ದ ಅಂದ್ರ ಅಂಥಾ ಮಾತು ನಿಲ್ಲೂದಿಲ್ಲ. ಅವ್ರು ಕೋರ್ಟಿಗೆ ಕೊಟ್ಟ ತಮ್ಮ ಕೈಫಿಯತ್ತಿನ್ಯಾಗ ಅದನ್ನ ಬರದೂ ಇರ್ಲಿಲ್ಲ. ಬರೀಲಾರದ್ದನ್ನ ಜಡ್ಜ್ ಸಾಹೇಬ್ರು ಕೇಳಾಕ ಬಿಡೂದಿಲ್ಲ."

ಗೇಮಪ್ಪ ತಿರುಗಿ ಪರಶುರಾಮನನ್ನು ನೋಡಿದ. "ಇದು ನಿಮಗ ಅವತ್ತ ಗೊತ್ತಿತ್ತೇನ್ರಿ?"

ಇಲ್ಲ ಅನ್ನಬಹುದಿತ್ತು. "ಗೊತ್ತಿತ್ತು," ಎಂದ ಪರಶುರಾಮ.

ಈಗ ಹೊಡೆಯುತ್ತಾನೆ. ಕಾವು ಅವನ ಕೈಗೆ ಹತ್ತಿರದಲ್ಲೇ ಇದೆ. ಪರಶುರಾಮ ಕಣ್ಣು ಮುಚ್ಚಿ ಕಾದ, ಹೊಡೆತ ಬಿದ್ದರೆ ಬೆಳಗಿನಿಂದ ಎದೆಯಲ್ಲಿ ಕುದಿಯುತ್ತಿದ್ದುದು ಇಳಿದುಹೋಗುತ್ತದೆ ಎಂದು ಆಸೆಯಿಂದಲೇ ಕಾದ. ಏನೂ ಬೀಳಲಿಲ್ಲ. ಕಣ್ಣು ತೆರೆದರೆ ಗೇಮಪ್ಪ ನೆಟ್ಟಗೆ ಕೂತಿದ್ದ, ಎರಡೂ ಕೈ ಮೊಣಕಾಲ ಮೇಲೆ.

"ಹೊಡಿ," ಎಂದ ಪರಶುರಾಮ.

"ನೀವ ಕಲಿಸೀರಲ್ರಿ, ಕೈ ಎತ್ತಬಾರ್ದು ಅಂತ."

"ಹೊಡಿಯಂತೇನಿ."

"ಇಲ್ರಿ." ಗೇಮಪ್ಪನ ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು, ಮುಖ ಮಾತ್ರ ಅಲ್ಲಾಡಲಿಲ್ಲ. "ಹೊಡತಾ ಬೀಳೂದು ಬಾಕಿ ಇದ್ರ ನನಗ ಐತ್ರಿ. ನೀವ ಹೊಡೀರಿ."

ಪರಶುರಾಮ ಕಾವನ್ನು ಎತ್ತಿಕೊಂಡ. ತೆಗೆದು ಬೀರುವಿನ ಮೇಲೆ ಇಡಬೇಕು, ಅದಕ್ಕೇ ಎತ್ತಿದ್ದು, ಅಷ್ಟೇ ಮನಸ್ಸಿನಲ್ಲಿದ್ದದ್ದು. ನುಣ್ಣಗೆ ಸವೆದ ಹಿಡಿಕೆ ಅಂಗೈಯಲ್ಲಿ ಸರಿಯಾಗಿ ಕೂತಿತು. ಎದುರಿಗೆ ಆ ಮುಖ, ಏನೂ ಅನ್ನದ ಮುಖ, ಇಲ್ಲ ಅನ್ನದ, ಹೌದೂ ಅನ್ನದ, ಹೊಡೆಸಿಕೊಳ್ಳಲು ತಯಾರಾಗಿ ಕೂತ ಮುಖ. ಏನಾದರೂ ಅನ್ನಬಾರದೇ. ಮೊದಲನೇ ಏಟು ಹೆಗಲಿಗೆ ಬಿತ್ತು. ಎಲುಬಿನ ಶಬ್ದ ಕಾವಿನೊಳಗಿಂದ ಹಾದು ಮೊಳಕೈಗೆ ಬಂತು, ಅದರ ಹಿಂದೆಯೇ ಆ ಸುಖ, ಅವತ್ತಿನದೇ, ಬೆಚ್ಚಗೆ. ಎರಡನೆಯದು ಕಿವಿಯ ಮೇಲೆ ಬಿತ್ತು. ಕುರ್ಚಿ ವಾಲಿತು, ಗೇಮಪ್ಪ ಗೋಡೆಗೆ ತಾಗಿ ಮತ್ತೆ ಸರಿಯಾಗಿ ಕೂತ, ಕೈಗಳನ್ನು ಮತ್ತೆ ಮೊಣಕಾಲ ಮೇಲೆ ತಂದಿಟ್ಟುಕೊಂಡ. ಪರಶುರಾಮ ಏನೋ ಕೂಗುತ್ತಿದ್ದ. ಏನೆಂದು ಅವನಿಗೇ ಕೇಳಿಸಲಿಲ್ಲ. ಮೂರನೆಯದಕ್ಕೆ ಎತ್ತಿದ ಕೈಗೆ ಅಂಬರೀನ ಜೋತುಬಿದ್ದಳು. ಕಡತಗಳ ಸಾಲು ನೆಲಕ್ಕೆ ಉರುಳಿತು.

ಗೇಮಪ್ಪನ ಕಿವಿಯಿಂದ ರಕ್ತ ಕುತ್ತಿಗೆಗೆ ಇಳಿದು ಅಂಗಿಯ ಒಳಗೆ ಹೋಗುತ್ತಿತ್ತು. ಅವನು ಅದನ್ನು ಒರೆಸಿಕೊಳ್ಳಲಿಲ್ಲ. ಬಹಳ ಮೆತ್ತಗೆ, ಏನೋ ಈಗ ತಿಳಿಯಿತು ಅನ್ನುವವನ ಹಾಗೆ, ಹೇಳಿದ:

"ಯಾಡಿನೂ ಹಿಂಗ ಕುಂತಿದ್ಲ್ರಿ."

ಅಂಬರೀನ ಅವನ ತಲೆಗೆ ಟವೆಲು ಒತ್ತಿ ಹಿಡಿಯಲು ಹೇಳಿದಳು. ಪರಶುರಾಮ ಕಾವನ್ನು ಕೆಳಗೆ ಇಡಲು ನೋಡಿದ. ಬೆರಳುಗಳು ಬಿಡಲಿಲ್ಲ. ಎಡಗೈಯಿಂದ ಬಲಗೈಯ ಹೆಬ್ಬೆರಳನ್ನು ಎತ್ತಿದ, ಅದು ಮತ್ತೆ ಮುಚ್ಚಿಕೊಂಡಿತು. ಅಂಬರೀನಳ ಕಡೆ ನೋಡಿದ, ಅವಳು ಬಂದು ಬಿಡಿಸಲಿ ಎಂದು. ಆ ನೋಟ ಅವಳಿಗೆ ಅರ್ಥವಾಯಿತು, ಅವಳು ಬರಲಿಲ್ಲ. ಫೋನು ಎತ್ತಿ ಪೊಲೀಸ್ ಠಾಣೆಗೆ ಮಾಡಿದಳು. ಅವಳ ಮಾತು ಸ್ಪಷ್ಟವಿತ್ತು. ಹೌದ್ರಿ, ಝರಾಕ್ಸ್ ಅಂಗಡೀ ಮ್ಯಾಲ. ಹೌದ್ರಿ, ನಾ ಇಲ್ಲೇ ಇದ್ನಿ, ನೋಡೀನಿ. ಕಟಗೀಲೆ ಹೊಡದಾರ. ಇಲ್ರಿ, ಬಿದ್ದದ್ದಲ್ಲ.

ಆ ಕಡೆಯವರು ಹೊಡೆದವನ ಹೆಸರು ಕೇಳಿದರು. ಪರಶುರಾಮ, ಎಂದಳು. ತಂದೆಯ ಹೆಸರು ಕೇಳಿದರು. ಅವಳು ಬಾಗಿಲ ಕಡೆ ಎರಡು ಹೆಜ್ಜೆ ಹೋಗಿ, ಬೋರ್ಡು ನೋಡಿ, ಓದಿ ಹೇಳಿದಳು.

"ನಾಗಲಿಂಗಪ್ಪ."

ಹೌದು ಎಂದು ಪರಶುರಾಮ ತಲೆಯಾಡಿಸಿದ. ಯಾರೂ ಅವನನ್ನು ಕೇಳಿರಲಿಲ್ಲ.